ಬಂಡೀಪುರದ ತಾಲೀಮು

ಬಂಡೀಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದಾಗ ನನಗೆ ಹದಿನಾರು, ತಂಗಿಗೆ ಹತ್ತು. ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸಣ್ಣ ಹಿತ್ತಲಿದ್ದ ಬಾಡಿಗೆ ಮನೆ. ಅಪ್ಪ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಅವನ ಪಕ್ಕದ ಮೆಷಿನ್ನಿನವನು ಸಂಸಾರ ಸಮೇತ ಬಂಡೀಪುರಕ್ಕೆ ಹೋಗಿಬಂದು, ಜೀಪಿನ ಎದುರಿಗೇ ಆನೆಯ ಹಿಂಡು ದಾಟಿದ ಕತೆಯನ್ನು ವಾರವಿಡೀ ಹೇಳಿದ್ದನಂತೆ. ಅಪ್ಪ ಊಟಕ್ಕೆ ಕುಳಿತಾಗ ಅದನ್ನು ನಮಗೆ ಹೇಳಿದ. ಕಲಸಿದ ಅನ್ನ ತಟ್ಟೆಯಲ್ಲೇ ಆರಿಹೋಯಿತು. ಅವನು ಅಷ್ಟು ಸಂತೋಷವಾಗಿದ್ದನ್ನು ನಾನು ನೋಡಿದ್ದು ಕಡಿಮೆ.

ನಮಗೆ ಹೆದರಿಕೆಯಾದದ್ದೂ ಅದಕ್ಕೇ. ಅಪ್ಪ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ. ಯಾವುದನ್ನಾದರೂ ತುಂಬಾ ಆಸೆಪಟ್ಟರೆ ಮಾತ್ರ ಅದು ಎಲ್ಲಿ ಕೆಟ್ಟುಹೋಗುತ್ತದೋ ಎಂದು ನಮ್ಮನ್ನು ಹೊಡೆಯುತ್ತಿದ್ದ. ಹಬ್ಬಕ್ಕೆ ಹೊಲಿಸಿದ ಲಂಗದ ಮೇಲೆ ತಂಗಿ ಸಾರು ಚೆಲ್ಲಿಕೊಂಡಾಗ ಬೆಲ್ಟಿನಿಂದ ಅವಳ ಕಾಲಿಗೆ ಬಾರಿಸಿದ್ದ. ಹೊಸ ರೇಡಿಯೋದ ಗುಂಡಿ ತಿರುಗಿಸಿದ್ದಕ್ಕೆ ನನ್ನ ತಲೆಯನ್ನು ಗೋಡೆಗೆ ಗುದ್ದಿಸಿದ್ದ. ಆಮೇಲೆ ತಾನೇ ಕೊಬ್ಬರಿ ಎಣ್ಣೆ ಹಚ್ಚಿದ್ದ.

ಮೈಸೂರಿನ ಅರಣ್ಯ ಕಚೇರಿಗೆ ಕಾಗದ ಬರೆದು ವಸತಿಗೃಹದಲ್ಲಿ ಒಂದು ಕೋಣೆ ಕಾದಿರಿಸಿದ. ಒಪ್ಪಿಗೆಯ ಪತ್ರ ಬಂದ ದಿನ ಅದನ್ನು ದೇವರ ಪಟದ ಹಿಂದೆ ಇಟ್ಟ. ಬೆಂಗಳೂರಿನಿಂದ ಮೈಸೂರಿಗೆ ಯಾವ ಬಸ್ಸು, ಅಲ್ಲಿಂದ ಊಟಿಯ ಬಸ್ಸು ಎಷ್ಟು ಹೊತ್ತಿಗೆ, ಎಲ್ಲವನ್ನೂ ವಿಚಾರಿಸಿ ಕಂಠಪಾಠ ಮಾಡಿಕೊಂಡ. ಬಿಳಿ ಬಟ್ಟೆ ಹಾಕಬಾರದು, ಹೂ ಮುಡಿಯಬಾರದು, ಮಾತಾಡಬಾರದು ಎಂದು ಕನ್ನಡಿಯ ಪಕ್ಕ ಒಂದು ಹಾಳೆ ಅಂಟಿಸಿದ. ನಂತರ ತಾಲೀಮು ಶುರುವಾಯಿತು.

ಪ್ರತಿ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಬಾದಾಮಿ ಮರದ ಒಣ ಎಲೆಗಳನ್ನು ಹಿತ್ತಲಲ್ಲಿ ಹರಡುತ್ತಿದ್ದ. ಅಮ್ಮ, ನಾನು, ತಂಗಿ ಮೂವರೂ ಬರಿಗಾಲಲ್ಲಿ ಸಾಲಾಗಿ ನಡೆಯಬೇಕು. ಎಲೆ ಸದ್ದು ಮಾಡಬಾರದು.

"ಕಾಡಲ್ಲಿ ಒಂದು ಸದ್ದಾದ್ರೆ ಪ್ರಾಣಿ ಎಲ್ಲಾ ಓಡೋಗತ್ವೆ. ಅಷ್ಟು ದೂರ ಹೋಗಿ ಬರೀ ಮರ ನೋಡ್ಕೊಂಡು ಬರೋದಾ?" ಎನ್ನುತ್ತಿದ್ದ. ಎಲೆ ಮುರಿದವರ ಮೀನಖಂಡಕ್ಕೆ ಬೆಲ್ಟು ಬೀಳುತ್ತಿತ್ತು.

ಎರಡನೆಯ ಭಾನುವಾರ, ಸೀರೆಯನ್ನು ಎತ್ತಿ ಹಿಡಿದು ತುದಿಗಾಲಲ್ಲಿ ಹೋಗುತ್ತಿದ್ದ ಅಮ್ಮನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ರೀ, ಆನೆ ನಮ್ಮನ್ನ ನೋಡಿದ್ರೆ ಅದೇ ನಗತ್ತೆ" ಎಂದಳು. ಅಪ್ಪ ಅವಳ ಕೆನ್ನೆಗೆ ಎಷ್ಟು ಜೋರಾಗಿ ಹೊಡೆದನೆಂದರೆ ಮೂಗುಬೊಟ್ಟು ಕಿತ್ತು ಎಲೆಗಳೊಳಗೆ ಬಿತ್ತು. ಮೂಗಿನಿಂದ ಇಳಿದ ರಕ್ತ ಅವಳ ತುಟಿ ದಾಟಿ ಗದ್ದಕ್ಕೆ ಬಂದರೂ ಅವಳು ಒರೆಸಿಕೊಳ್ಳಲಿಲ್ಲ. ನಾನೂ ತಂಗಿಯೂ ಮಂಡಿಯೂರಿ ಮೂಗುಬೊಟ್ಟು ಹುಡುಕಿದೆವು. ಆಗಲೂ ಎಲೆ ಸದ್ದು ಮಾಡದಂತೆ ಹುಡುಕಿದೆವು.

ಹೊರಡಲು ಎರಡು ವಾರ ಉಳಿದಿತ್ತು. ತಂಗಿಗೆ ಚಳಿಗಾಲದಲ್ಲಿ ಕೆಮ್ಮು ಸಹಜ. ಆ ಭಾನುವಾರ ಸಾಲಿನ ನಡುವೆ ನಿಂತು ಬಾಯಿಗೆ ಕೈ ಒತ್ತಿಕೊಂಡಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಕೆಮ್ಮು ಸಿಡಿಯಿತು. ಅಪ್ಪ ಹೊಡೆದ. ಅವಳು ಇನ್ನೂ ಕೆಮ್ಮಿದಳು. ಮತ್ತೆ ಹೊಡೆದ. "ನಿಲ್ಸು! ನಿಲ್ಸು ಅಂದ್ನಲ್ಲ!" ಎನ್ನುತ್ತಾ ಬೆಲ್ಟನ್ನು ತಿರುಗಿಸಿ ಹಿಡಿದ. ಬಕಲ್ಲು ಅವಳ ಕಿವಿಯ ಹಿಂದೆ ತಾಗಿ ಚರ್ಮ ಹರಿಯಿತು. ಅಮ್ಮ ನಡುವೆ ಬಂದಳು, ಅವಳಿಗೂ ಬಿತ್ತು.

ನಾನು ಏನು ಯೋಚಿಸಿದೆನೋ ನೆನಪಿಲ್ಲ. "ಬಿಡಪ್ಪಾ!" ಎಂದು ಕೂಗಿ ಎರಡೂ ಕೈಯಿಂದ ಅವನ ಎದೆಗೆ ದೂಡಿದೆ. ಅಪ್ಪ ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ. ಬಲಗೈ ಅಡಿಯಲ್ಲಿ ಸಿಕ್ಕಿಕೊಂಡಿತು. ಕಬ್ಬು ಮುರಿದಂಥ ಸದ್ದು ನಮಗೆಲ್ಲ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅಪ್ಪ, "ಬಚ್ಚಲಲ್ಲಿ ಜಾರ್ಬಿಟ್ಟೆ ಸಾರ್" ಎಂದ. ನನ್ನ ಕಡೆ ನೋಡಲಿಲ್ಲ. ಮೊಣಕೈವರೆಗೂ ಪ್ಲಾಸ್ಟರ್ ಹಾಕಿದರು. ಆಟೋದಲ್ಲಿ ವಾಪಸ್ಸು ಬರುವಾಗ ನನಗೆ ಪಶ್ಚಾತ್ತಾಪವಾಗಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆದದ್ದು ಖುಷಿ. ನನ್ನ ಎರಡು ಅಂಗೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಾ ಬಂದೆ.

ಮನೆಯಲ್ಲಿ ನನ್ನ ನಡಿಗೆಯೇ ಬದಲಾಯಿತು. ಅಪ್ಪ ಮಂಚದ ಮೇಲೆ ಮಲಗಿರುತ್ತಿದ್ದ. "ಬಂಡೀಪುರಕ್ಕೆ ನಾನು ಕರ್ಕೊಂಡು ಹೋಗ್ತೀನಿ" ಎಂದು ಎಲ್ಲರ ಎದುರಿಗೆ ಹೇಳಿದೆ. ಯಾರೂ ಬೇಡವೆನ್ನಲಿಲ್ಲ. ಪತ್ರವನ್ನು ಪಟದ ಹಿಂದಿನಿಂದ ತೆಗೆದು ನನ್ನ ಪುಸ್ತಕದಲ್ಲಿಟ್ಟೆ. ಬಸ್ಸಿನ ಸಮಯಗಳನ್ನು ನಾನೂ ಬರೆದುಕೊಂಡೆ. ರಾತ್ರಿ ಊಟದ ಹೊತ್ತಿಗೆ ಅಮ್ಮ ಮೊದಲು ನನಗೆ ಬಡಿಸಬೇಕೆಂದು ಕಾಯುತ್ತಿದ್ದೆ.

ನಾಲ್ಕು ದಿನ ಕಳೆದವು. ಕಾಲೇಜಿನಿಂದ ಬಂದು ನೋಡಿದರೆ ತಂಗಿ ಆ ಪತ್ರವನ್ನು ನೆಲದ ಮೇಲೆ ಹರಡಿಕೊಂಡು, ಬರವಣಿಗೆಯ ಮೇಲೆಯೇ ನನ್ನ ಇಂಕ್ ಪೆನ್ನಿನಲ್ಲಿ ಆನೆಯ ಚಿತ್ರ ಬಿಡಿಸುತ್ತಿದ್ದಳು. ಸೊಂಡಿಲು ಅಧಿಕಾರಿಯ ಸಹಿಯ ತನಕ ಬಂದಿತ್ತು. ಕಿವಿಯ ಹಿಂದೆ ಕಟ್ಟಿದ್ದ ಬಟ್ಟೆ ಹಾಗೇ ಇತ್ತು. ನನ್ನನ್ನು ನೋಡಿ ನಕ್ಕು, "ಚೆನ್ನಾಗಿದ್ಯಾ ಅಣ್ಣ?" ಎಂದಳು.

ನಾನು ಅವಳ ಮುಖಕ್ಕೆ ಹೊಡೆದೆ. ಅವಳು ಹೋಗಿ ಬಾಗಿಲ ಚೌಕಟ್ಟಿಗೆ ಬಡಿದಳು. ತುಟಿ ಸೀಳಿತು. ಇನ್ನೊಮ್ಮೆ ಕೈ ಎತ್ತಿದ್ದೆ.

ಮಂಚದಿಂದ ಅಪ್ಪ ಹೇಳಿದ: "ಮುಖಕ್ಕೆ ಹೊಡೀಬಾರ್ದು ಕಣೋ."

ಗದರಿಕೆಯಲ್ಲ ಅದು. ಕಾರ್ಖಾನೆಗೆ ಹೊಸದಾಗಿ ಸೇರಿದವನಿಗೆ ಮೆಷಿನ್ನಿನ ಹತ್ತಿರ ಹೇಗೆ ನಿಲ್ಲಬೇಕೆಂದು ಹೇಳಿಕೊಡುವ ದನಿ. ನನ್ನ ಎತ್ತಿದ ಕೈ ಅಲ್ಲೇ ಉಳಿಯಿತು.

ಅಮ್ಮ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಬಂದಳು. ಅವಳು ನನ್ನನ್ನು ಹೊಡೆದದ್ದು ಅದೇ ಮೊದಲು. ಬೆನ್ನಿಗೆ, ಭುಜಕ್ಕೆ, ಎತ್ತಿದ್ದ ಆ ಕೈಯ ಬೆರಳುಗಳಿಗೆ. ನಾನು ಮೂಲೆಯಲ್ಲಿ ಕುಸಿಯುವವರೆಗೂ ಹೊಡೆದಳು. ಆಮೇಲೆ ಮಂಚದ ಕಡೆ ತಿರುಗಿ ಅಪ್ಪನ ಪ್ಲಾಸ್ಟರಿನ ಕೈಯ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ಮಂಚದ ಚೌಕಟ್ಟಿಗೆ ಲಟ್ಟಣಿಗೆಯನ್ನು ಅಪ್ಪಳಿಸಿದಳು. ಅದು ಎರಡಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

"ಈ ಮನೇಲಿ ಒಬ್ಬರ ಹತ್ರ ಏಟು ತಿಂದಿದ್ದು ಸಾಕಾಗಿದೆ. ಇನ್ನೊಬ್ಬನ್ನ ನಾನೇ ಹೆತ್ತು ಸಾಕಿದೀನಿ" ಎಂದಳು. ಏದುಸಿರು ಬಿಡುತ್ತಾ ಪತ್ರವನ್ನು ಎತ್ತಿಕೊಂಡಳು. "ಬಂಡೀಪುರಕ್ಕೆ ನಾನೂ ಇವಳೂ ಹೋಗ್ತೀವಿ. ನೀವಿಬ್ರೂ ಇಲ್ಲೇ ಇರಿ."

"ನನ್ನ ಹೆಸರಲ್ಲಿದೆ ಕಣೇ ಅದು" ಎಂದ ಅಪ್ಪ.

"ಹೆಂಡ್ತಿ ಅಂತೀನಿ. ಅಷ್ಟಕ್ಕಾದ್ರೂ ಉಪಯೋಗಕ್ಕೆ ಬರಲಿ."

ಮೈಸೂರಿನಾಚೆ ಕಾಲಿಟ್ಟವಳಲ್ಲ ಅಮ್ಮ. ಆದರೂ ಪತ್ರದಲ್ಲಿ ಗೊತ್ತುಮಾಡಿದ್ದ ದಿನ, ಬೆಳಿಗ್ಗೆಯೇ, ಒಂದು ಬಟ್ಟೆಯ ಚೀಲ ಹಿಡಿದು ತಂಗಿಯೊಂದಿಗೆ ಮೆಜೆಸ್ಟಿಕ್ಕಿನ ಸಿಟಿ ಬಸ್ಸು ಹತ್ತಿದಳು. ನಾನು ಚೀಲ ಹೊರಲು ಹಿಂದೆ ಹೋದೆ. ಅಮ್ಮ ಕೊಡಲಿಲ್ಲ. ಇಬ್ಬರ ತಲೆಯಲ್ಲೂ ಕನಕಾಂಬರ ಇತ್ತು.

ಎರಡು ದಿನ ಅಪ್ಪನೂ ನಾನೂ ಮನೆಯಲ್ಲಿದ್ದೆವು. ನಾನು ಮಾಡಿದ ಉಪ್ಪಿಟ್ಟು ಸೀದುಹೋಯಿತು. ಅಪ್ಪ ಎಡಗೈಯಲ್ಲಿ ತಿಂದ. ಬಚ್ಚಲಲ್ಲಿ ಅವನನ್ನು ಕೂರಿಸಿ, ಪ್ಲಾಸ್ಟರ್ ನೆನೆಯದಂತೆ ಹಿಡಿದು, ನೀರು ಹಾಕಿದೆ. ಗಡಿಯಾರ ನೋಡಿ ಅವನು ಹೇಳುತ್ತಿದ್ದ: "ಈಗ ಗುಂಡ್ಲುಪೇಟೆ ದಾಟಿರ್ತಾರೆ." ಸ್ವಲ್ಪ ಹೊತ್ತು ಬಿಟ್ಟು, "ಈಗ ಜೀಪ್ ಹತ್ತಿರ್ತಾರೆ."

ಬೆನ್ನು ಉಜ್ಜುವಾಗ ಕೇಳಿದೆ: "ಹೊಡೆಯೋಕೆ ಮುಂಚೆ ನಿಂಗೆ ಗೊತ್ತಾಗಲ್ವಾ ಅಪ್ಪ?"

"ಗೊತ್ತಾಗತ್ತೆ. ಗೊತ್ತಾಗಲ್ಲ ಅಂತ ಹೇಳ್ಕೋತೀನಿ" ಎಂದ. ಇನ್ನೊಂದು ಚೊಂಬು ನೀರು ಹಾಕು ಎಂದು ತಲೆ ಬಗ್ಗಿಸಿದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವನು ಹೊಡೆಯುವುದನ್ನೇ ಬಿಟ್ಟ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಹೊಡೆದ. ಎರಡೂ ಸಲ ಅಮ್ಮ ತಂಗಿಯನ್ನು ಕರೆದುಕೊಂಡು ವಿಜಯನಗರದ ದೊಡ್ಡಮ್ಮನ ಮನೆಗೆ ಹೋಗಿಬಿಟ್ಟಳು. ಎರಡನೆಯ ಸಲ ವಾಪಸ್ಸು ಬರಲು ಮೂರು ತಿಂಗಳಾಯಿತು. ಆಮೇಲೆ ಅವನ ಕೈ ಏಳಲಿಲ್ಲ. ನನ್ನದು ಅನೇಕ ಸಲ ಏಳಲು ಹೋಗಿದೆ. ಮದುವೆಯಾದ ಮೇಲೂ, ಮಕ್ಕಳಾದ ಮೇಲೂ. ಅಂಥ ಹೊತ್ತಿನಲ್ಲಿ ನಾನು ಮನೆಯಿಂದ ಹೊರಗೆ ಹೋಗಿ ಬೀದಿಯ ಕೊನೆಯವರೆಗೂ ನಡೆಯುತ್ತೇನೆ.

ಬಂಡೀಪುರದಿಂದ ಬಂದ ಸಂಜೆ ತಂಗಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅಕ್ಕಪಕ್ಕದ ಹುಡುಗಿಯರಿಗೆ ಹೇಳುತ್ತಿದ್ದಳು. ಜಿಂಕೆ ಎಷ್ಟಿದ್ದವು, ಕಾಡೆಮ್ಮೆಯ ಕಾಲಿಗೆ ಬಿಳಿ ಕಾಲುಚೀಲ ಹಾಕಿದಂತೆ ಹೇಗಿತ್ತು, ಅಮ್ಮ ಜೀಪಿನಲ್ಲಿ ಎದ್ದು ನಿಂತು ಹೇಗೆ ಕೈ ತೋರಿಸಿದಳು ಎಂದೆಲ್ಲ. ನಾನು ಹಿಂದೆ ಬಂದು ನಿಂತಾಗ ಮಾತು ನಿಲ್ಲಿಸಿದಳು. ತುಟಿಯ ಗಾಯದ ಮೇಲೆ ಇನ್ನೂ ಕಪ್ಪು ಹಕ್ಕಳೆ ಇತ್ತು.

"ಹೇಳು, ನಾನೂ ಕೇಳ್ತೀನಿ" ಎಂದೆ.

ಅವಳು ನನ್ನ ಕೈಗಳನ್ನು ನೋಡಿದಳು. ನಾನು ಬೀದಿಗಿಳಿದು, ಎದುರು ಮನೆಯ ಜಗಲಿಯ ಮೇಲೆ ಕುಳಿತೆ. ಅಲ್ಲಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಮತ್ತೆ ಶುರುಮಾಡಿದಳು.