ಹಿಮದ ಮೇಲೆ ‘ಲಾಭ’

ಬೇಸಾಯದ ಯಂತ್ರಗಳ ಪ್ರದರ್ಶನ ನೋಡಲು ಸ್ವಿಟ್ಜರ್ಲೆಂಡಿಗೆ ಬಂದ ನಮಗೆ ಇವತ್ತು ಮಧ್ಯಾಹ್ನ ಬಿಡುವು. ಜೊತೆಗಿರುವ ಬಸಪ್ಪಣ್ಣ ಯರಗಟ್ಟಿಯ ಕಾಳಿನ ವ್ಯಾಪಾರಿ. ‘ಇಷ್ಟ ದೂರ ಬಂದು ಬರೇ ನೋಡಿ ಹೋಗೂದೇನ್ರಿ? ನಾವೂ ಹಿಮದಾಗ ಜಾರೂಣು ಬರ್ರಿ’ ಎಂದರು.

ತಂತಿಯ ಮೇಲೆ ಸಾಗುವ ತೂಗುಕುರ್ಚಿ ನಮ್ಮನ್ನು ಹಿಮದ ಬೆಟ್ಟದ ಮೇಲೆ ಇಳಿಸಿತು. ಕಣ್ಣು ಹೋದಲ್ಲೆಲ್ಲ ಬಿಳುಪು. ತೂರಿ ಹಸನು ಮಾಡಿದ ಬಿಳಿಜೋಳವನ್ನು ಯಾರೋ ಆಕಾಶದಿಂದ ಸುರಿದು ಹೋದಂತಿತ್ತು.

ಜಾರುವುದನ್ನು ಕಲಿಸುವವನು ನಮ್ಮ ಬೂಟುಗಳಿಗೆ ಉದ್ದನೆಯ ಹಲಗೆ ಸಿಕ್ಕಿಸಿ, ಅಡ್ಡಡ್ಡ ಹೆಜ್ಜೆಯಿಡುತ್ತ ಸಣ್ಣ ದಿಬ್ಬ ಹತ್ತಿಸಿದ. ಹೆಜ್ಜೆಗಳನ್ನು ನಿಮ್ಮ ಭಾಷೆಯಲ್ಲೇ ಜೋರಾಗಿ ಎಣಿಸಿ ಎಂದ. ನಾನು ‘ಒಂದು’ ಎಂದೆ. ಬಸಪ್ಪಣ್ಣ ‘ಲಾಭ’ ಎಂದರು. ನಮ್ಮ ಕಡೆ ಕಣದಲ್ಲಿ ಚಪ್ಪಲಿ ಕಳಚಿಟ್ಟು ಕಾಳಿನ ರಾಶಿ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವರ ನಾಲಿಗೆಗೆ ಅದೇ ರೂಢಿ. ನಾನು ನಕ್ಕೆ, ಅವರು ನಗಲಿಲ್ಲ.

ದಿಬ್ಬದಿಂದ ಇಬ್ಬರೂ ಜಾರಿದೆವು. ನಾನು ಅರ್ಧದಲ್ಲೇ ಉರುಳಿದೆ. ಬಸಪ್ಪಣ್ಣ ಗಾಳಿಯ ಹಾಗೆ ನೆಟ್ಟಗೆ ಹೋಗಿ ತಗ್ಗಿನಲ್ಲಿ ನಿಂತರು. ನಾನು ಎದ್ದು ಅಲ್ಲಿಗೆ ತಲುಪಿದಾಗ ಅವರು ಹಲಗೆ ಕಳಚಿಟ್ಟು, ಶಿಖರ ನೋಡುತ್ತ, ಬಗ್ಗಿ ಬೂಟಿನ ಕೊಕ್ಕೆ ಬಿಚ್ಚುತ್ತಿದ್ದರು.

‘ಕಾಲಿಗೆ ಪೆಟ್ಟಾತೇನ್ರಿ?’ ಎಂದೆ.

‘ಇಲ್ರಿ. ಬಾಯಾಗ ಲಾಭ ಅಂತ ಬಂದ ಮ್ಯಾಲ ತಿಳೀತು’ ಎಂದು ಮೆಲ್ಲಗೆ ಹೇಳಿದರು. ‘ಇಂಥಾ ರಾಶಿ ಮ್ಯಾಲ ಬೂಟ ಹಾಕ್ಕೊಂಡ ನಿಂತೇವಲ್ರಿ!’

ಕಲಿಸುವವನು ದೂರದಿಂದ ಬೇಡ ಬೇಡ ಎಂದು ಕೈಬೀಸುತ್ತ ಓಡಿ ಬರುತ್ತಿದ್ದ. ಅಷ್ಟರಲ್ಲಿ ನಾನೂ ಬಗ್ಗಿದ್ದೆ.