ಮಂಗಳೂರಿಗೆ ಹೋದ ಸೌಡಿ ಬೋರೇಗೌಡ

ಬೀಗರೂಟದ ಪಂಕ್ತಿಯಲ್ಲಿ ಕೂತಾಗಲೂ ಬೋರೇಗೌಡನ ಎಲೆಯ ಎಡಪಕ್ಕದಲ್ಲಿ ಮೊಳಕ್ಕಿಂತ ಉದ್ದದ ಒಂದು ಕಬ್ಬಿಣದ ಚಾವಿ ಮಲಗಿರುತ್ತಿತ್ತು. ನಾಲೆಯ ತೂಬು ತಿರುಗಿಸುವ ಚಾವಿ ಅದು. ಬಡಿಸುವವರು ಯಾರೂ ಅದನ್ನು ದಾಟುತ್ತಿರಲಿಲ್ಲ, ಸುತ್ತಿಕೊಂಡು ಬರುತ್ತಿದ್ದರು. ಬಂದವರು ಅವನ ಎಲೆಗೆ ಇನ್ನೆರಡು ತುಂಡು ಬಾಡು ಹಾಕಿಯೇ ಮುಂದೆ ಹೋಗುತ್ತಿದ್ದರು. ಮದುವೆಯ ಗಂಡಿಗೂ ಆ ಮರ್ಯಾದೆ ಸಿಗುತ್ತಿರಲಿಲ್ಲ. ಗಂಡು ಇರುವುದು ಒಂದು ದಿನ, ಸೌಡಿ ವರ್ಷಪೂರ್ತಿ ಇರುವವನು.

ನಾಲೆ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ಬಿಡುವವನನ್ನು ನಮ್ಮ ಕಡೆ ಸೌಡಿ ಎನ್ನುತ್ತೇವೆ. ಬೋರೇಗೌಡ ಬೆಳಕವಾಡಿ ಕಡೆಯ ಒಂದು ಕಿರುನಾಲೆಯ ಸೌಡಿ. ದಿನಗೂಲಿಯ ಕೆಲಸ, ಆದರೆ ನಡಿಗೆ ನೋಡಿದವರು ಕನ್ನಂಬಾಡಿ ಕಟ್ಟೆಯನ್ನೇ ಇವನಪ್ಪ ಬರೆದುಕೊಟ್ಟಿದ್ದಾನೆ ಎಂದುಕೊಳ್ಳಬೇಕು. ನಾನು ಮದ್ದೂರಿನ ಎಳನೀರು ಮಾರುಕಟ್ಟೆಯವನು. ತಲೆಯ ಮೇಲೆ ಕಾಯಿ ಹೊತ್ತು ಶುರುಮಾಡಿ, ಈಗ ಲಾರಿಯಲ್ಲಿ ಕಳಿಸುವ ಮಟ್ಟಕ್ಕೆ ಬಂದಿದ್ದೇನೆ. ನನ್ನ ತೆಂಗಿನ ತೋಟ ಇರುವುದು ಅವನ ತೂಬಿನ ಕೆಳಗೆ. ಹಾಗಾಗಿ ನಮ್ಮಿಬ್ಬರ ಸ್ನೇಹ ಹೆಚ್ಚೂಕಡಿಮೆ ಬೇಸಿಗೆಯದು.

ಒಂದು ಸಲ ಹೋಗಿ ಕೇಳಿದೆ. "ಗೌಡ, ಗರಿ ಒಣಗ್ತಾ ಅವೆ. ಸಂಜೆಗಂಟ ಬುಡು, ಸಾಕು."

"ಯಾರ್ ಮರ?"

"ನನ್ ಮರ ಕಣಪ್ಪ."

"ನೀರು ಯಾರ್ದು?"

"ಸರ್ಕಾರದ್ದು."

"ತಪ್ಪು ಯೋಳ್ದೆ. ಓಗಿ ನಾಳಿಕ್ಕೆ ಬಾ."

ಮಾರನೆಯ ದಿನ ಹೋದವನೇ "ನೀರು ನಿಂದು ಕಣ್ ಗೌಡ" ಅಂದೆ. ಬಿಟ್ಟ. ಪಕ್ಕದ ತೋಟದವನು ಅದೇ ನೀರಿಗೆ ನಾಟಿಕೋಳಿ ಕೊಟ್ಟಿದ್ದ. ಬಾಯಿಮಾತಲ್ಲಿ ಮುಗಿಯುವ ವ್ಯವಹಾರಕ್ಕೆ ಕೋಳಿ ಕೊಯ್ಯಬಾರದು. ಇದನ್ನು ಓದುವವರಲ್ಲಿ ವ್ಯಾಪಾರಕ್ಕೆ ಇಳಿಯುವವರಿದ್ದರೆ ನೆನಪಿಟ್ಟುಕೊಳ್ಳಿ.

ಅವನ ದರ್ಬಾರಿನ ತೆರಿಗೆ ಕಟ್ಟುತ್ತಿದ್ದವಳು ಮಾತ್ರ ಅವನ ಹೆಂಡತಿ ಸಾಕಮ್ಮ. ಇವನು ಯಾರ ಗದ್ದೆಗೆ ನೀರು ನಿಲ್ಲಿಸಿದನೋ ಆ ಮನೆಯ ಹೆಂಗಸರು ಇವಳೊಡನೆ ಮಾತು ನಿಲ್ಲಿಸುತ್ತಿದ್ದರು. ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಇವಳ ಹಿಂದೆ ಒಂದಾಳು, ಮುಂದೆ ಒಂದಾಳು ನಿಲ್ಲುವಷ್ಟು ಜಾಗ ಖಾಲಿ ಇರುತ್ತಿತ್ತು. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ಇವರ ಮನೆ ಬಾಗಿಲು ಬಂದಾಗ ಕಾಲು ಬೀಸಿ ಹಾಕುತ್ತಿದ್ದರು. "ನಿನ್ ತೂಬಿಗೆ ಬೆಂಕಿ ಬೀಳ" ಎಂದು ಅವಳು ಬೈದರೆ ಬೋರೇಗೌಡ ಮೀಸೆ ಸವರಿಕೊಂಡು "ಬೆಂಕಿ ಬಿದ್ರೂ ಆರ್ಸಾಕೆ ನೀರು ನಾನೇ ಬುಡ್ಬೇಕು ಕಣಮ್ಮಿ" ಅನ್ನುತ್ತಿದ್ದ.

ಆಮೇಲೆ ಒಂದು ದಿನ ನೀರಾವರಿ ಕಚೇರಿಯವರು ದಿನಗೂಲಿಯವರು ಇನ್ನು ಬೇಡ ಎಂದು ಚಾವಿ ಇಸಿದುಕೊಂಡರು. ಪಿಂಚಣಿ ಇಲ್ಲ, ಸನ್ಮಾನ ಇಲ್ಲ, ಒಂದು ಶಾಲೂ ಇಲ್ಲ. ಆ ವಾರವೇ ಬೀಗರೂಟವೊಂದರಲ್ಲಿ ಅವನ ಎಲೆಗೆ ಬರೀ ಮೂಳೆ ಬಿತ್ತಂತೆ. ಮಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಕೆಲಸಕ್ಕಿದ್ದ ಸಾಕಮ್ಮನ ತಮ್ಮ ಆಗ ಫೋನು ಮಾಡಿ, ಅಲ್ಲೇ ಪಂಪು, ವಾಲ್ವು ನೋಡಿಕೊಳ್ಳುವ ಕೆಲಸ ಇದೆ, ಇರಲು ಹತ್ತಿರದಲ್ಲೇ ಬಾಡಿಗೆ ಮನೆಯೂ ಇದೆ ಎಂದ. ಬೋರೇಗೌಡ ನನ್ನ ಸಲಹೆ ಕೇಳಲು ಎಳನೀರು ಮಂಡಿಗೆ ಬಂದ.

"ಅಲ್ಲಿ ಸಮುದ್ರ ಅದಂತಲ್ಲಾ. ನೀರಿಗೇನು ಕಮ್ಮಿ?"

"ಉಪ್ಪು ಕಣ್ ಗೌಡ."

"ಉಪ್ಪಾದ್ರೂ ನೀರು ತಾನೇ? ಯಾರಾದ್ರೂ ಬುಡ್ಬೇಕು, ಯಾರಾದ್ರೂ ಕಟ್ಬೇಕು. ನಾನಿಲ್ವಾ?"

ಹೋಗು ಎಂದೆ. ಊರಲ್ಲಿ ಬೆಲೆ ಬಿದ್ದ ಮಾಲನ್ನು ಬೇರೆ ಮಾರುಕಟ್ಟೆಗೆ ಸಾಗಿಸಬೇಕು, ಅದಕ್ಕೆ ನನ್ನನ್ನು ಕೇಳುವುದೇನಿದೆ.

ಮಂಗಳೂರಿಗೆ ನನ್ನ ಕಾಯಿ ಲೋಡು ಹೋಗುತ್ತಿತ್ತು. ಮುಂದಿನ ಸಲ ವಸೂಲಿಗೆ ಹೋದಾಗ ಅವನನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಪಂಚೆ ಎತ್ತಿ ಕಟ್ಟಿ, ಸೊಂಟದ ಮೇಲೆ ಕೈ ಇಟ್ಟು, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ನೋಡಿದ. ಪಕ್ಕದಲ್ಲಿ ಹುಡುಗ ಹುಡುಗಿಯರು ಫೋಟೊ ತೆಗೆದುಕೊಳ್ಳುತ್ತಿದ್ದರು. ಇವನ ಮುಖದಲ್ಲಿ ಮಾತ್ರ ಕೆಟ್ಟ ಬೇಸಾಯ ನೋಡಿದ ಅಸಮಾಧಾನ.

"ಬದುವೇ ಇಲ್ವಲ್ಲಾ ಇದಕ್ಕೆ. ಯಾರೂ ನೋಡ್ಕಳೋರಿಲ್ವಾ?"

ಅಪಾರ್ಟ್‌ಮೆಂಟಿನಲ್ಲಿ ಅವನು ನೋಡಿಕೊಳ್ಳಲು ಶುರುಮಾಡಿದ್ದ. ಬಂದ ತಿಂಗಳಲ್ಲೇ ಸರದಿ ಪದ್ಧತಿ ಜಾರಿಗೆ ತಂದಿದ್ದ. ಬೆಳಿಗ್ಗೆ ಮೇಲಿನ ಮಹಡಿಗಳಿಗೆ, ಸಂಜೆ ಕೆಳಗಿನವಕ್ಕೆ. ಟ್ಯಾಂಕು ತುಂಬಿ ಸುರಿಯುತ್ತಿದ್ದರೂ ವಾಲ್ವು ಬಂದ್. ನಾನು ಅಲ್ಲಿದ್ದಾಗಲೇ ಒಬ್ಬ ಹೆಂಗಸು ಬಕೆಟ್ ಹಿಡಿದು ಇಳಿದು ಬಂದರು.

"ಗೌಡ್ರೇ, ಟ್ಯಾಂಕಿಯಲ್ಲಿ ನೀರುಂಟಲ್ಲ ಮಾರಾಯ್ರೆ, ನಮ್ಮ ನಳ್ಳಿಯಲ್ಲಿ ಯಾಕಿಲ್ಲ?"

"ನಿಮ್ಮ ಸರದಿ ಬಂದಿಲ್ಲ ಕಣಮ್ಮ."

"ಎಂತ ಸರದಿ? ಮೊನ್ನೆವರೆಗೆ ಸರದಿ ಇರ್ಲಿಲ್ಲ ಅಲ್ವಾ?"

"ಮೊನ್ನೆವರ್ಗೂ ನಾನಿರ್ಲಿಲ್ಲ."

ಆಕೆ "ಆಯ್ತು, ಸ್ವಲ್ಪ ನೋಡಿ ಆಯ್ತಾ" ಎಂದು ಹೊರಟುಹೋದರು. ಬೋರೇಗೌಡನ ಮುಖ ಜೋತುಬಿತ್ತು. ಅವನು ಜಗಳಕ್ಕೆ ತಯಾರಾಗಿ ಕಾಲು ಅಗಲಿಸಿ ನಿಂತಿದ್ದ. "ಬಯ್ಯಾಕೂ ಬರಾಕಿಲ್ಲ ಕಣ್ಲಾ ಈ ಜನಕ್ಕೆ" ಎಂದ. "ನಮ್ಮೂರಲ್ಲಾಗಿದ್ರೆ ಇಷ್ಟೊತ್ಗೆ ನಮ್ಮಪ್ಪನ್ನ, ನಮ್ಮವ್ವನ್ನ ಎಲ್ಲಾರ್ನೂ ಎತ್ತಾಡೋರು."

ಕ್ರಿಸ್‌ಮಸ್ಸಿಗೆ ಮೂರನೇ ಮಹಡಿಯ ಮನೆಯವರು ಒಂದು ತಟ್ಟೆ ತಿಂಡಿ ಮೇಲೆ ಕಾಗದ ಮುಚ್ಚಿ ತಂದುಕೊಟ್ಟರು. ಬೋರೇಗೌಡನ ಕಣ್ಣಲ್ಲಿ ಅದು ನಾಟಿಕೋಳಿಯೇ. ಕೊನೆಗೂ ಇವರಿಗೆ ದಾರಿಗೆ ಬರುವುದು ಗೊತ್ತಾಯಿತು ಎಂದು ಆ ಮನೆಗೆ ಇಡೀ ದಿನ ನೀರು ಬಿಟ್ಟ. ಅಂಥದ್ದೇ ತಟ್ಟೆ ಲಿಫ್ಟಿನವನಿಗೂ, ಕಸ ಗುಡಿಸುವವಳಿಗೂ, ಎದುರಿನ ಅಂಗಡಿಯವನಿಗೂ ಹೋಗಿದೆ ಎಂದು ತಿಳಿದದ್ದು ಆಮೇಲೆ. ತಿಳಿದವನೇ ವಾಲ್ವು ಮುಚ್ಚಿದ. ಅಷ್ಟು ಹೊತ್ತಿಗೆ ತಿಂಡಿ ಖಾಲಿಯಾಗಿತ್ತು.

ಅಪಾರ್ಟ್‌ಮೆಂಟಿನವರು ಜಗಳವಾಡಲಿಲ್ಲ. ಸಭೆ ಸೇರಿದರು, ಚಹಾ ಕುಡಿದರು, ಟ್ಯಾಂಕಿಗೆ ತಾನಾಗಿ ಪಂಪು ನಿಲ್ಲಿಸುವ ಒಂದು ಪ್ಲಾಸ್ಟಿಕ್ ಚೆಂಡು ಹಾಕಿಸಿದರು, ವಾಲ್ವುಗಳನ್ನೆಲ್ಲ ತೆರೆದಿಟ್ಟು ಬೀಗ ಜಡಿದರು. ಬೋರೇಗೌಡನಿಗೆ ಗಿಡಗಳಿಗೆ ಪೈಪು ಹಿಡಿಯುವ ಕೆಲಸ ಕೊಟ್ಟರು, ಸಂಬಳ ಅಷ್ಟೇ ಉಳಿಸಿದರು. ಮಾತನಾಡಿಸುವಾಗ ಬಹುವಚನವನ್ನೂ ಬಿಡಲಿಲ್ಲ. ಮನುಷ್ಯನನ್ನು ಇಷ್ಟು ಸಭ್ಯವಾಗಿ ಮೂಲೆಗೆ ಕೂರಿಸುವುದನ್ನು ನಾನು ಮಂಡ್ಯ ಜಿಲ್ಲೆಯಲ್ಲಿ ಎಲ್ಲೂ ಕಂಡಿಲ್ಲ. ನಮ್ಮಲ್ಲಿ ತಳ್ಳುತ್ತಾರೆ.

ಸಾಕಮ್ಮನ ಕಥೆ ಬೇರೆ. ಅವಳು ಹತ್ತಿರದ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಸೌಡಿ ಅಂದರೆ ಯಾರೆಂದು ಗೊತ್ತಿಲ್ಲದ ಹೆಂಗಸರು ಅವಳ ಪಕ್ಕ ಕೂತು ತೆಂಗಿನಕಾಯಿ ತುರಿಯುತ್ತಿದ್ದರು, ಹಬ್ಬಕ್ಕೆ ಕರೆಯುತ್ತಿದ್ದರು. ಬಾಡಿಗೆ ಮನೆಯ ಒಡತಿ ಲಿಲ್ಲಿಬಾಯಿ ಮುಂದಿನ ದೊಡ್ಡ ಮನೆಯಲ್ಲಿದ್ದರು. ದಿನವೂ ಸಂಜೆ ಬಾವಿಕಟ್ಟೆಯ ಮೇಲೆ ಕೂತು ಸಾಕಮ್ಮನೊಡನೆ ಹರಟುತ್ತಿದ್ದರು. ಅವರ ಮಾತು ಇವಳಿಗೆ ಅರ್ಧ ತಿಳಿಯುತ್ತಿತ್ತು, ಇವಳದು ಅವರಿಗೆ ಕಾಲುಭಾಗ. ಅಷ್ಟು ಸಾಕಾಗಿತ್ತು.

ಕೆಲವು ವರ್ಷಗಳಾದ ಮೇಲೆ ಬೋರೇಗೌಡನಿಗೆ ವಯಸ್ಸಾಯಿತು, ಅಪಾರ್ಟ್‌ಮೆಂಟಿನವರು ಇನ್ನು ಕೆಲಸ ಸಾಕು ಎಂದರು. ಲಿಲ್ಲಿಬಾಯಿ ಇವರು ಬಾಡಿಗೆಗಿದ್ದ ಹಿಂದಿನ ಹೆಂಚಿನ ಮನೆಯನ್ನು ಇವರಿಗೇ ಮಾರಲು ಒಪ್ಪಿದರು. ಸಾಕಮ್ಮ ತವರಿನ ಪಾಲು ಮಾರಿ ದುಡ್ಡು ಹೊಂದಿಸಿ ನನಗೆ ಫೋನು ಮಾಡಿದಳು.

"ಅಣ್ಣಾ, ಚೌಕಾಸಿ ನಿನಗೆ ಬುಟ್ಟಿದ್ದು. ನಾನಂತೂ ವಾಪಸ್ ಬರಾಕಿಲ್ಲ. ಈ ಮನೆ ಕೈಬುಟ್ರೆ ಮತ್ತೆ ಅದೇ ಡೈರಿ ಸಾಲಲ್ಲಿ ಒಬ್ಳೇ ನಿಂತ್ಕೋಬೇಕು ಕಣಣ್ಣಾ."

ಆಗ ಜೂನ್ ತಿಂಗಳು. ಕರಾವಳಿಯಲ್ಲಿ ಸಮುದ್ರ ನೋಡಿಕೊಂಡು ಕೊನೆಗಾಲ ಕಳೆಯುತ್ತೇನೆ ಎಂದು ಹೊರಟವರಿಗೆ ನನ್ನ ಸಲಹೆ ಇದು: ಮನೆಯನ್ನು ಮಳೆಗಾಲದಲ್ಲಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ನಾನೂ ಹಾಗೇ ಎಣಿಸಿ ಒಂದು ರಾತ್ರಿ ಮದ್ದೂರಿನಲ್ಲಿ ಬಸ್ಸು ಹತ್ತಿ, ಬೆಳಕು ಹರಿದ ಮೇಲೆ ಅವರ ಗೇಟಿನ ಮುಂದೆ ಇಳಿದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ನಿಜವಾಗಿಯೂ ಗೊತ್ತಾಯಿತು. ಲಿಲ್ಲಿಬಾಯಿಯ ಅಡುಗೆಮನೆಗೆ ಹೋಗಿತ್ತು.

ಹಿತ್ತಿಲಲ್ಲಿ ಮಳೆನೀರು ಹರಿಯುವ ಒಂದು ತೋಡು. ಅದು ಎರಡೂ ಮನೆಗಳ ಬದಿಯಿಂದ ಇಳಿದು ಹೊರಗೆ ಹೋಗುತ್ತದೆ. ಇನ್ನೇನು ಸ್ವಂತದ್ದಾಗುವ ಜಾಗ ಎಂದು ಬೋರೇಗೌಡ ಹಿಂದಿನ ಸಂಜೆ ಗುದ್ದಲಿ ಹಿಡಿದು, ಕಲ್ಲು, ಕೆಮ್ಮಣ್ಣು, ತೆಂಗಿನ ಮಟ್ಟೆ ಸೇರಿಸಿ ಅದಕ್ಕೆ ಅಡ್ಡಲಾಗಿ ಒಡ್ಡು ಹಾಕಿದ್ದ. ಬಲು ಚೆಂದದ ಒಡ್ಡು. ನಾಲೆಯ ಮೇಲೆ ಕಲಿತ ಕೈ, ರಾತ್ರಿಯಿಡೀ ಸುರಿದ ಮಳೆಗೂ ಒಂದು ಹಿಡಿ ಮಣ್ಣು ಜಾರಿರಲಿಲ್ಲ. ನೀರು ಹಿಂದಕ್ಕೆ ಏರಿ ಅಂಗಳ ತುಂಬಿ, ಬಾವಿಕಟ್ಟೆ ದಾಟಿ ಬಾವಿಗೆ ಇಳಿದಿತ್ತು. ಇಡೀ ಬೀದಿಯಲ್ಲೇ ಸಿಹಿನೀರಿಗೆ ಹೆಸರಾದ ಬಾವಿ ಈಗ ಟೀ ಬಣ್ಣಕ್ಕೆ ತಿರುಗಿತ್ತು.

"ಏನ್ ಗೌಡ ಇದು?" ಎಂದೆ.

"ಬೆಳಗಾನಾ ಓಯ್ತಾ ಅದೆ ಕಣ್ಲಾ, ದಿನಾ! ಸುಮ್ನೆ ಸಮುದ್ರಕ್ಕೆ! ಅಲ್ಲಿ ಒಂದ್ ಕೊಡ ನೀರಿಗೆ ರಸ್ತೆ ಮೇಲೆ ಮಲಗಿದ್ದೋನು ನಾನು. ಎಂಗ್ಲಾ ನೋಡ್ಕಂಡ್ ಕೂತ್ಕಳ್ಳಿ?"

ಅದು ಸುಳ್ಳಲ್ಲ. ಮದ್ದೂರಿನ ಹೆದ್ದಾರಿಯಲ್ಲಿ ಕಾವೇರಿಗಾಗಿ ಬಸ್ಸು ತಡೆದು ಮಲಗಿದವರಲ್ಲಿ ಅವನೂ ಇದ್ದ, ನಾನೂ ಇದ್ದೆ. ಆದರೆ ನಾನು ಹಾಗೆ ಮಲಗಿದ್ದನ್ನು ಮಂಗಳೂರಿಗೆ ಹೊತ್ತುಕೊಂಡು ಹೋಗಿರಲಿಲ್ಲ.

ಲಿಲ್ಲಿಬಾಯಿ ಸೀರೆ ಎತ್ತಿ ಹಿಡಿದು, ಛತ್ರಿ ಬಿಚ್ಚಿಕೊಂಡು ಬಂದರು. ದನಿ ಏರಿಸಲಿಲ್ಲ.

"ಮನೆ ಕೊಡ್ತೇನೆ ಹೇಳಿದ್ದು ಹೌದು ಗೌಡ್ರೇ. ಆದ್ರೆ ಇದನ್ನು ಈಗ ನೀವೇ ಒಡೀಬೇಕು. ಇನ್ನು ಕಟ್ಟುವುದಿಲ್ಲ ಅಂತ ಬಾಯಲ್ಲಿ ಹೇಳ್ಬೇಕು. ಇಲ್ಲದಿದ್ರೆ ಆಗ್ಲಿಕ್ಕಿಲ್ಲ."

ಬೋರೇಗೌಡ ಗುದ್ದಲಿ ಹಿಡಿದು ನಿಂತ. ಒಡ್ಡು ನೋಡಿದ, ನೀರು ನೋಡಿದ. ಜನ್ಮದಲ್ಲಿ ಒಬ್ಬರು ಬಿಡು ಎಂದದ್ದಕ್ಕೆ ನೀರು ಬಿಟ್ಟವನಲ್ಲ. ಅಡ್ಡಾದಿಡ್ಡಿ ಮಳೆ ಹೊಡೆಯುತ್ತಿತ್ತು, ಅವನ ಮೀಸೆಯಿಂದ ನೀರು ಸೋರುತ್ತಿತ್ತು. ನಾನು ಕಿವಿಯ ಹತ್ತಿರ ಹೋಗಿ "ಒಡ್ದಾಕು ಗೌಡ, ಮನೆ ನಿಂದಾದ್ ಮೇಲೆ ಬೇಕಾದ್ರೆ ಡ್ಯಾಮೇ ಕಟ್ಕೊ" ಎಂದು ಪಿಸುಗುಟ್ಟಿದೆ. ಅವನು ಅಲ್ಲಾಡಲಿಲ್ಲ.

"ಸರದಿ ಮಾಡ್ಕಳಾನ" ಎಂದ ಕೊನೆಗೆ. "ಬೆಳಿಗ್ಗೆ ಬುಡ್ತೀನಿ. ಸಂಜೆ ಕಟ್ತೀನಿ."

ಸಾಕಮ್ಮ ತನ್ನ ಅಡುಗೆಮನೆಯ ಹೊಸಿಲಿನಿಂದ ಇದನ್ನು ಕೇಳಿಸಿಕೊಂಡಳು. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತೋಡಿಗೆ ಇಳಿದಳು. ಗಂಡನ ಕೈಯಿಂದ ಗುದ್ದಲಿ ಕಿತ್ತುಕೊಂಡು ಒಡ್ಡಿನ ನಡುವಿಗೇ ಬಿಟ್ಟಳು. ಒಂದೇಟಿಗೆ ಹೋಗುವ ಒಡ್ಡಲ್ಲ. ಅವಳು ಹೊಡೆದಳು, ಹೊಡೆದಳು. "ಎಷ್ಟ್ ಜನದ್ ಶಾಪ ತಿನ್ನುಸ್ದೆ ನಂಗೆ, ಎಷ್ಟ್ ಜನದ್ದು" ಎಂದು ಏಟಿಗೊಮ್ಮೆ ಅಂದಳು. ನೀರು ಬಾಯಿ ಬಿಟ್ಟು ನುಗ್ಗಿದಾಗ ಅವಳೂ ತೇಲಿಹೋಗುತ್ತಿದ್ದಳು. ಲಿಲ್ಲಿಬಾಯಿ ಛತ್ರಿ ಎಸೆದು ಅವಳ ರಟ್ಟೆ ಹಿಡಿದುಕೊಂಡರು.

ಅಂಗಳದ ನೀರು ಇಳಿದ ಮೇಲೆ ಅವರು ನನ್ನ ಕಡೆ ತಿರುಗಿ, "ಬರೆಯುವುದಾದ್ರೆ ಇವಳ ಹೆಸರಿಗೆ. ಗೌಡ್ರ ಹೆಸರಿಗಲ್ಲ" ಎಂದರು.

ವ್ಯವಹಾರ ಬಿಗಿಯಾದ ಗಳಿಗೆ. ನಾನು ಗಂಟಲು ಸರಿಮಾಡಿಕೊಂಡು, "ಅದೆಲ್ಲ ಸರಿ ಬಾಯಮ್ಮ. ಆದ್ರೆ ಬಾವಿ ನೀರು ಈಗ ಕೆಸರಾಗಿದೆ, ಬೆಲೆಯಲ್ಲಿ ಒಂಚೂರು..." ಎಂದು ಶುರುಮಾಡಿದೆ.

"ಅಣ್ಣಾ, ಬಾಯ್ ಮುಚ್ಕೊ" ಎಂದಳು ಸಾಕಮ್ಮ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಕೇಳಿದ ಬೆಲೆಗೇ ಮುಗಿದ ವ್ಯವಹಾರ ಅದೊಂದೇ.

ಬಾವಿ ತಿಳಿಯಾಗುವವರೆಗೆ ನೀರು ಸೇದಿ ಚೆಲ್ಲಿದವನು ಬೋರೇಗೌಡ. ಕೆಳಗಿಂದ ಬಿಂದಿಗೆ ಎಳೆಯುವುದು, ಮೇಲೆ ತೋಡಿಗೆ ಸುರಿಯುವುದು. ಸುರಿದಾಗಲೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಮರುವರ್ಷದ ಮಳೆಯಲ್ಲಿ. ಅದಾದ ಚಳಿಗಾಲದಲ್ಲಿ ತೀರಿಕೊಂಡ, ಕಾರ್ಯಕ್ಕೆ ನಮ್ಮ ಕಡೆಯಿಂದ ಹೋದವರು ಕಡಿಮೆ. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಸಾಕಮ್ಮನಿಗಾಗಿ. ನಾನು ನೋಡಿದ ಆ ಮಳೆಗಾಲದ ದಿನ ಅವನು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ತಲೆಯ ಮೇಲೆ ಮಡಚಿದ ಗೋಣಿಚೀಲದ ಕೊಪ್ಪೆ. ತೋಡು ದಡ ಮುಟ್ಟಿ ಹರಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತೆ.

"ಎಂಗದೆ ಗೌಡ, ಸಮುದ್ರದೂರಿನ ರಿಟೈರು?"

"ನೋಡು" ಎಂದು ಗಲ್ಲದಿಂದ ನೀರು ತೋರಿಸಿದ. "ಒಬ್ರೂ ಬಂದು ಕೇಳಾಕಿಲ್ಲ. ಅದರ ಪಾಡಿಗೆ ಅದು ಓಯ್ತದೆ. ನನ್ ಪಾಡಿಗೆ ನಾನು ಕೂತಿರ್ತೀನಿ."

ಎಳನೀರಿನ ರೇಟು, ಊರಿನ ಸಾವು, ಮದುವೆ ಎಂದು ನಾನು ಮಾತಾಡುತ್ತಲೇ ಇದ್ದೆ. ಅವನು ಹೂಂಗುಡುತ್ತಿದ್ದ. ಹೂಂಗುಡುತ್ತಲೇ ಬಲಗಾಲನ್ನು ಮೆಟ್ಟಿಲಿನಿಂದ ಇಳಿಸಿದ, ನೀರಿಗೆ ಬಿಟ್ಟ, ಪಾದವನ್ನು ಮೆಲ್ಲಗೆ ಅಡ್ಡ ತಿರುಗಿಸಿದ. ನೀರು ಪಾದಕ್ಕೆ ಬಡಿದು ಅಂಗುಲದಷ್ಟು ಮೇಲೆದ್ದು ತಡೆದು ನಿಂತಿತು. ಅವನ ಮುಖ, ಎಷ್ಟೋ ವರ್ಷಗಳಾದ ಮೇಲೆ, ಬೀಗರೂಟಕ್ಕೆ ಕೂತವನ ಮುಖವಾಯಿತು.

"ಕಾಲ್ ತಗಿ ಅತ್ಲಾಗೆ" ಎಂದಳು ಒಳಗಿನಿಂದ ಸಾಕಮ್ಮ.

ತೆಗೆದ. ನೀರು ಹೋಯಿತು.