ಹಲಗೆಯಡಿಯ ಕಲ್ಲು

ನಿನ್ನ ಅಪ್ಪ ನಿನ್ನ ಮನೆಗೆ ಬರದೆಯೇ ತೀರಿಕೊಂಡದ್ದಕ್ಕೆ ಕಾರಣ ನಾನು, ಶೀಲಾ. ಅವರ ಹಟವೇ ಕಾರಣ ಎಂದುಕೊಂಡಿದ್ದೀಯಲ್ಲ — ಅಲ್ಲ. ಹಟ ಕರಗಿತ್ತು. ನಾನು ಹೇಳಿದ ಒಂದು ಸುಳ್ಳು ಅವರನ್ನು ತಡೆಯಿತು.

ಡಚ್ಚರ ಹಾರ್ಲೆಮ್‌ನಲ್ಲಿ ನಿನ್ನ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆನಲ್ಲ, ಆಗಿನ ಮಾತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಆಂಗ್ಲಿಕನ್ ಪಾದ್ರಿಯ ಬದುಕಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಉಡುಪಿಯ ಮಠದ ಬೀದಿಯಲ್ಲಿ ಬೆಳೆದವಳು. ಚರ್ಚಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಕ್ರಿಸ್‌ಮಸ್ ಕೇಕು ಮಾತ್ರ! ಮಂಗಳೂರಿನಲ್ಲಿ ಬಹುಕಾಲ ಚರ್ಚಿನ ಸಭಾಪಾಲಕರಾಗಿದ್ದು, ಆಗ ಮಗನ ಜೊತೆಗಿದ್ದ ನಿನ್ನ ಅಪ್ಪನೇ ನನಗೆ ಪ್ರಾರ್ಥನೆಯ ಕ್ರಮ, ಪ್ರಸಂಗ ಅಂದರೆ ಚರ್ಚಿನ ಉಪದೇಶ ಕಟ್ಟುವ ಬಗೆ ಎಲ್ಲ ಹೇಳಿಕೊಟ್ಟರು. ಆ ಪಾದ್ರಿಯನ್ನು ಅವರು 'ನಮ್ಮ ಅಯ್ಯ' ಎಂದೇ ಕರೆಯುತ್ತಿದ್ದರು.

ಅಯ್ಯನೇನು ಸಾಮಾನ್ಯನಲ್ಲ. ಬಡ ಉಪಪಾದ್ರಿಯಾಗಿ ಶುರುಮಾಡಿ, ದೊಡ್ಡವರನ್ನು ಹಿಡಿದು ಎರಡು ಊರಿನ ಚರ್ಚು ಗಿಟ್ಟಿಸಿಕೊಂಡವನು. ಒಂದಕ್ಕೆ ಬದಲಿ ಜನ ಇಟ್ಟು, ಇನ್ನೊಂದರಲ್ಲಿ ಕೂತು ಮಕ್ಕಳ ವಿಧೇಯತೆಯ ಬಗ್ಗೆ ಪ್ರಸಂಗ ಮಾಡುತ್ತಿದ್ದ. ಮಗಳು ಹಾರ್ಲೆಮ್‌ನ ಒಬ್ಬ ಬಟ್ಟೆ ವ್ಯಾಪಾರಿಯನ್ನು, ಅದೂ ತನಗಾಗದ ಕ್ಯಾಥೊಲಿಕ್ ಪಂಥದವನನ್ನು, ಮದುವೆಯಾದಾಗ ಅವಳ ಸಂಬಂಧವನ್ನೇ ಕಡಿದುಕೊಂಡ. ಮುಪ್ಪಿನಲ್ಲಿ ಕೆಲಸ ಬಿಟ್ಟ. ಆಮೇಲೆ ಅವನ ಸುಳಿವಿಲ್ಲ. ಕೊನೆಯವರೆಗೂ ಅವನು ಕರಗಲಿಲ್ಲ ಎಂದು ನಾನು ಬರೆದೆ — ಊಹೆ ಅಷ್ಟೆ. ಪ್ರೊಫೆಸರ್ ಅದೇ ಅಧ್ಯಾಯವನ್ನು ಹೊಗಳಿದರು. ನಾನು ಉಬ್ಬಿಹೋದೆ.

ನೀನು ಇಮ್ತಿಯಾಜ್‌ನನ್ನು ಮದುವೆಯಾಗಿ ಟಿಲ್‌ಬರ್ಗ್‌ಗೆ ಹೋದ ಮೇಲೆ ಆ ಮನೆಯಲ್ಲಿ ನಿನ್ನ ಹೆಸರು ಎತ್ತುವ ಹಾಗಿರಲಿಲ್ಲ. ಪಾದ್ರಿಯ ಮಗಳ ಮಾತು ಆಡಬಹುದಿತ್ತು. ಅದಕ್ಕೇ ನಿನ್ನ ಅಪ್ಪ ದಿನಾ ಅವಳ ಬಗ್ಗೆಯೇ ಕೇಳುತ್ತಿದ್ದರು. ನನಗದು ಗೊತ್ತಿತ್ತು. ಗೊತ್ತಿದ್ದೂ —

ಪ್ರಬಂಧ ಒಪ್ಪಿಸುವ ಮುಂಚಿನ ವಾರ ಹಾರ್ಲೆಮ್‌ನ ಹಳೆಯ ಚರ್ಚಿನಲ್ಲಿ ಹೀಟಿಂಗ್ ಪೈಪು ಹಾಕಲು ನೆಲದ ಹಲಗೆಗಳನ್ನು ಕಿತ್ತಿದ್ದರು. ಕೆಳಗೆ ಸಮಾಧಿಯ ಕಲ್ಲುಗಳು. ಒಂದರ ಮೇಲೆ ಆ ವ್ಯಾಪಾರಿಯ ಹೆಸರು, ಅವನ ಹೆಂಡತಿಯ ಹೆಸರು, ಕೊನೆಗೆ ಅವಳ ತಂದೆಯ ಹೆಸರು. ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದವನು ಎಂದು ಸ್ಪಷ್ಟವಾಗಿ ಕೊರೆದಿತ್ತು. ಸಮುದ್ರ ದಾಟಿ ಮಗಳ ಹತ್ತಿರ ಬಂದಿದ್ದ ಪುಣ್ಯಾತ್ಮ! ಅವಳ ಮನೆಯವರ ಸಮಾಧಿಯಲ್ಲೇ ಮಲಗಿದ್ದ. ನನಗೆ ಸಂತೋಷವಾಗಬೇಕಿತ್ತು. ತಲೆಗೆ ಬಂದದ್ದು ಒಂದೇ — ಅಧ್ಯಾಯ ಪೂರ್ತಿ ನೀರುಪಾಲು. ಒಂದು ಫೋಟೋ ಕೂಡ ತೆಗೆಯದೆ, ಕೆಲಸದವರು ಹಲಗೆ ಮುಚ್ಚುವವರೆಗೆ ನಿಂತಿದ್ದು ಮನೆಗೆ ಬಂದೆ.

ನಿನ್ನ ಅಪ್ಪ ಕೋಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಟಿಲ್‌ಬರ್ಗ್‌ಗೆ ಹೋಗುವವರು ಯುಟ್ರೆಕ್ಟ್‌ನಲ್ಲಿ ರೈಲು ಬದಲಾಯಿಸಬೇಕಾ ಎಂದು ಕೇಳಿದರು — ಬೇರೆ ಯಾರೋ ಹೋಗುವ ಹಾಗೆ. ಹೌದೆಂದೆ. ಆಮೇಲೆ, "ಅಲ್ಲ ಮಾರಾಯ್ತಿ, ನಮ್ಮ ಅಯ್ಯ ಕಡೆಗಾದ್ರೂ ಮಗಳನ್ನು ನೋಡ್ಲಿಕ್ಕೆ ಹೋದ್ರಾ? ಎಂತಾದ್ರೂ ಸಿಕ್ಕಿತಾ ನಿಂಗೆ?"

"ಇಲ್ಲ ಅಂಕಲ್. ಹೋಗ್ಲೇ ಇಲ್ಲ."

"ಹೌದಾ..." ಎಂದರು. "ಹೋಗಿದ್ರೂ ಅವಳು ಬಾಗಿಲು ತೆಗೀತಿರ್ಲಿಲ್ವೋ ಏನೋ. ಇಷ್ಟು ವರ್ಷ ಆದ ಮೇಲೆ ಹೋಗಿ ಎಂತ ಮಾಡುದು."

ಎದ್ದು ಕೋಟಿನ ಗುಂಡಿ ಬಿಚ್ಚತೊಡಗಿದರು. ಅವರ ಬೆರಳು ನಡುಗುತ್ತಿದ್ದದ್ದು ನಿನಗೆ ಗೊತ್ತಲ್ಲ — ಬಿಚ್ಚಲು ತುಂಬ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ನಿಜ ಹೇಳಬಹುದಿತ್ತು. ಚಹಾ ಮಾಡಲಾ ಎಂದು ಕೇಳಿದೆ.

ಆ ಚಳಿಗಾಲದಲ್ಲೇ ಅವರು ಹೋದರು. ನನಗೆ ಡಾಕ್ಟರೇಟ್ ಬಂತು. ಶವಸಂಸ್ಕಾರದ ದಿನ ನೀನು ನನ್ನ ಕೈ ಹಿಡಿದು, "ಅಪ್ಪ ನನ್ನನ್ನು ಕೇಳಿದ್ರಾ? ಒಂದ್ಸಲ ಆದ್ರೂ?" ಎಂದೆ. ಮೊದಲ ಸುಳ್ಳು ಹೊರಬಿದ್ದೀತೆಂದು ಇಲ್ಲ ಎಂದುಬಿಟ್ಟೆ. ನೀನು ನನ್ನ ಭುಜದ ಮೇಲೆಯೇ ಅತ್ತೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಅಧ್ಯಾಯ ತಪ್ಪೆಂದು ಈಗ ವಿಶ್ವವಿದ್ಯಾಲಯಕ್ಕೆ ತಿಳಿಸಿದ್ದೇನೆ. ಅದೇನೂ ಕಷ್ಟವಾಗಲಿಲ್ಲ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ; ಅಂದು ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡಬೇಕು. ಕೇಳಿದ್ದರು, ಶೀಲಾ. ಕೋಟು ಹಾಕಿಕೊಂಡು ಕೂತು, ನಿನ್ನ ಊರಿಗೆ ರೈಲು ಕೇಳಿದ್ದರು.